ಹಸಿರು ಪುಡಿ

ಎದ್ದ ಕೂಡಲೆ ಮಳೆಮಾಪಕ, ಆಮೇಲೆ ಕಾಫಿ.
ಒಂದು ಅಂಗುಲ ದಾಟಿದರೆ ಕೊಲ್ಲಿಗೆ ಬೀಗ:
ಐದು ದಿನ ಯಾರೂ ಸಿಂಪಿ ಎತ್ತುವಂತಿಲ್ಲ.
ಬೀಗ ಹಾಕುವವಳು ನಾನು, ಹಿಲ್ಕಾ,
ಜಿಲ್ಲಾ ಕಚೇರಿಯ ನೀರು ಹಿಡಿಯುವ ಹೆಂಗಸು.
ಒರೆಗಾನಿನ ಈ ಕರಾವಳಿಯಲ್ಲಿ
ನನ್ನನ್ನು ಮಳೆಗಿಂತ ಹೆಚ್ಚು ಬೈಯುತ್ತಾರೆ.

ಕೆಟಲ್ ಹೊಳೆ ದೊಡ್ಡದೇನಲ್ಲ.
ಬೆಟ್ಟದಲ್ಲಿ ಹುಟ್ಟಿ ಹದಿನಾಲ್ಕು ಮೈಲಿಗೆ ಮುಗಿಯುತ್ತದೆ,
ಬೆಳಿಗ್ಗೆ ಬಿದ್ದ ಹನಿ ಸಂಜೆಗೆ ಉಪ್ಪು.
ಮೇಲೆ ಫರ್ ಮರ ಕಡಿದು ಲಾರಿಗೇರಿಸಿದ ಬೋಳು ಗುಡ್ಡ,
ಜೋರು ಮಳೆಗೆ ಅಲ್ಲಿಂದ ಚಹಾ ಬಣ್ಣದ ಮಣ್ಣು.
ಕೆಳಗೆ ವೀಬೆಯ ನೂರೈವತ್ತು ಹಸು.
ರಸ್ತೆಯಡಿಯ ಮೋರಿಯ ಬಾಯಿ
ನೀರಿಗಿಂತ ಎರಡು ಮೊಳ ಮೇಲೆ;
ನವೆಂಬರಿನಲ್ಲಿ ಸಾಲ್ಮನ್ ಅದಕ್ಕೆ ಹಾರಿ, ಹಾರಿ,
ತುಕ್ಕಿಗೆ ಮೂತಿ ಉಜ್ಜಿಕೊಂಡು ಬೀಳುತ್ತವೆ.
ಆಮೇಲೆ ಹದಿನೆಂಟು ಮನೆ, ನನ್ನದೂ ಸೇರಿ.
ಆಮೇಲೆ ಕೆಸರು, ನೀರಡಿಯ ಉದ್ದ ಹುಲ್ಲು,
ವೇಯ್ಕೊ ಸಾಕಿದ ಸಿಂಪಿ.

ಒಂದೊಂದು ಸಿಂಪಿ ದಿನಕ್ಕೆ ಹತ್ತು ಕೊಡ ನೀರು ಸೋಸುತ್ತದಂತೆ.
ನಾವು ಬಿಟ್ಟದ್ದೆಲ್ಲ ಅದರ ಹೊಟ್ಟೆಯಲ್ಲಿ,
ಒಂದು ಮಾತಿಲ್ಲ.

ಹನ್ನೊಂದು ವರ್ಷ ಆರು ಕಡೆ ಆರು ಬಾಟಲಿ,
ಮಂಜುಗಡ್ಡೆಯ ಡಬ್ಬಿ, ಸೊಂಟದವರೆಗೆ ರಬ್ಬರು.
ಐದನೆಯ ಬಾಟಲಿಯ ಸಂಖ್ಯೆ ಯಾವಾಗಲೂ ಕೆಟ್ಟದು.
'ಹಸುಗಳು' ಎಂದು ಬರೆದೆ. ಮತ್ತೆ ಬರೆದೆ.
ವೀಬೆ ಹೊಳೆಗುಂಟ ಬೇಲಿ ಹಾಕಿದ,
ಸಾಲ ಮಾಡಿ ಸಗಣಿಗೆ ಕಾಂಕ್ರೀಟು ತೊಟ್ಟಿ ಕಟ್ಟಿಸಿದ,
ಎಂಟುನೂರು ವಿಲ್ಲೋ ಸಸಿ ನೆಟ್ಟ;
ಅರ್ಧದಷ್ಟನ್ನು ಬೀವರ್ ಕಡಿದು ಅಣೆಕಟ್ಟು ಕಟ್ಟಿತು.
ನಾಲ್ಕನೆಯ ಬಾಟಲಿ ತಿಳಿಯಾಯಿತು.
ಐದನೆಯದು ಹಾಗೇ ಇತ್ತು.
'ನಾಲ್ಕಕ್ಕೂ ಐದಕ್ಕೂ ನಡುವೆ ನನ್ನದೊಂದು ಕರುವೂ ಇಲ್ಲವಲ್ಲ, ಹಿಲ್ಕಾ'
ಎಂದ, ಟೋಪಿ ತೆಗೆದು, ಮೆಲ್ಲಗೆ.
ನಾನು ನಕ್ಷೆಯಲ್ಲಿ ಬೆರಳಿಟ್ಟು ಬೇರೆಲ್ಲೋ ನೋಡಿದೆ.

ಕೊನೆಗೆ ಕಚೇರಿಯಿಂದ ಹಸಿರು ಪುಡಿ ಬಂತು.
ಕಕ್ಕಸಿಗೆ ಸುರಿದು ನೀರು ಎಳೆಯಬೇಕು,
ಒಂದು ಉಬ್ಬರ ಒಂದು ಇಳಿತ ಕಾಯಬೇಕು.
ಹದಿನೆಂಟು ಮನೆಯಲ್ಲಿ ಮೊದಲು ನನ್ನದೇ,
ಸುಮ್ಮನೆ, ಶಾಸ್ತ್ರಕ್ಕೆ,
ಮಿಕ್ಕವರು ಮುಖ ಗಂಟು ಹಾಕದಿರಲೆಂದು.

ಮರುದಿನ ಇಳಿತದ ಹೊತ್ತಿಗೆ
ಹಿತ್ತಲ ಆಲ್ಡರ್ ಮರದ ಬೇರಿನಡಿಯಿಂದ
ಗಿಳಿಹಸಿರು.
ಚರಂಡಿಗೆ, ಚರಂಡಿಯಿಂದ ಹೊಳೆಗೆ,
ಯಾರ ಅಪ್ಪಣೆಯನ್ನೂ ಕೇಳದೆ, ಮದುವಣಗಿತ್ತಿಯಂತೆ ನಿಧಾನವಾಗಿ
ಕೊಲ್ಲಿಗೆ ಇಳಿಯಿತು.
ಬಕವೊಂದು ಹಸಿರಲ್ಲಿ ಒಂಟಿಕಾಲಲ್ಲಿ ನಿಂತಿತ್ತು.
ಅದರಾಚೆ ದೋಣಿಯಲ್ಲಿ ವೇಯ್ಕೊ,
ಕೈಯಲ್ಲಿ ಎತ್ತಲಾಗದ ಬುಟ್ಟಿ.
ಬಣ್ಣವನ್ನು ನೋಡಿದ, ಅದು ಬಂದ ದಾರಿ ನೋಡಿದ,
ನನ್ನ ಅಡುಗೆಮನೆಯ ಕಿಟಕಿ ನೋಡಿದ.

ನನ್ನ ಎಲೆಯಲ್ಲಿ ಬಿದ್ದಿದ್ದ ಹೆಗ್ಗಣಕ್ಕೆ
ಹನ್ನೊಂದು ವರ್ಷ ವಯಸ್ಸಾಗಿತ್ತು.

ನಮೂನೆ ಎಂಟರಲ್ಲಿ ಎರಡು ಖಾಲಿ ಜಾಗ:
ಮೂಲ. ಮಾಲೀಕರು.
ಬೇರೆಯವರ ಹೆಸರು ಬರೆಯುವಾಗ
ಪೆನ್ನು ಇಷ್ಟು ದಪ್ಪ ಇರಲಿಲ್ಲ.

ಹಳೆಯ ಟ್ಯಾಂಕು ಕೀಳಲು ವೀಬೆಯೇ ಯಂತ್ರ ತಂದ.
ಬಾಡಿಗೆ ಕೇಳಲಿಲ್ಲ; ಕೇಳಿದ್ದರೆ ಹಗುರಾಗುತ್ತಿತ್ತು.
ಸಿಮೆಂಟಿನ ಬಿರುಕಿನೊಳಗೆ ಬೇರು
ಕೈಬೆರಳು ಹೆಣೆದಂತೆ ಹೆಣೆದುಕೊಂಡಿತ್ತು.
'ಗಟ್ಟಿ ಮರ' ಎಂದ, ಅಷ್ಟೆ.

ಈ ಸಲ ಐದನೆಯ ಬಾಟಲಿಯಲ್ಲಿ ಒಂಬತ್ತು.
ವೇಯ್ಕೊ ಬಾಗಿಲಲ್ಲಿ ಒಂದು ಡಜನ್ ಸಿಂಪಿ ಇಟ್ಟು ಹೋಗಿದ್ದಾನೆ,
ಕ್ಷಮೆಯೋ, ಪರೀಕ್ಷೆಯೋ.
ಚಾಕು ಹಿಡಿದು ಕೂತಿದ್ದೇನೆ, ಇನ್ನೂ ಬಿಡಿಸಿಲ್ಲ.

ಹೊರಗೆ ಮತ್ತೆ ಮಳೆ, ಮುಕ್ಕಾಲು ಅಂಗುಲ.
ರಸ್ತೆಯ ಕಡೆಯಿಂದ ತುಕ್ಕಿನ ಮೋರಿಗೆ
ಏನೋ ಬಡಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು
ಮತ್ತೆ.